ಅಪ್‌ಡೇಟ್: ಯಕ್ಷಗಾನದ ಫೋಟೋದಲ್ಲಿ ಆವೇಶ ಕೊನೆಗೂ ಸಿಕ್ಕಿತು

ಎರಡು ವಾರದ ಹಿಂದೆ ಕೇಳಿದ್ದೆ: ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಆಟದ ಫೋಟೋ ತೆಗೆದರೆ ವೇಷ ಚೆನ್ನಾಗಿ ಬರುತ್ತದೆ, ಮುಖದ ಆವೇಶ ಮಾತ್ರ ಬರುವುದಿಲ್ಲ, ಏನು ಮಾಡಲಿ ಅಂತ. ಶನಿವಾರ ಊರಿನ ಬಯಲಾಟದಲ್ಲಿ ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ.

ಬರ್ಸ್ಟ್ ಮೋಡ್ (ಒಂದೇ ಸಮನೆ ಸಾಲಾಗಿ ಫೋಟೋ ತೆಗೆಯುವುದು) ನನಗೆ ಉಪಯೋಗವಾಗಲಿಲ್ಲ. ಸುಮ್ನೆ ನಾನೂರು ಫೋಟೋ ಆಯಿತು, ಒಂದರಲ್ಲೂ ಜೀವ ಇಲ್ಲ. ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಶಟರ್ ವೇಗ 1/500 ಸೆಕೆಂಡ್ ಇಡಿ ಅಂದಿದ್ದು ಸರಿಯಾಗಿತ್ತು, ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗಲೂ ಮುಖ ಮಸುಕಾಗಲಿಲ್ಲ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಕೂಡ ಬೇಕೇ ಬೇಕು, ಇಲ್ಲದಿದ್ದರೆ ಕಿರೀಟದ ಹೊಳಪಿಗೆ ಮುಖ ಕಪ್ಪಾಗುತ್ತದೆ.

ನಿಜಕ್ಕೂ ಕೆಲಸ ಮಾಡಿದ್ದು "ಕ್ಯಾಮೆರಾ ಕೆಳಗಿಟ್ಟು ಮೊದಲು ಚೆಂಡೆ ಕೇಳಿ" ಅಂದವರ ಮಾತು. ಒಂದು ಗಂಟೆ ಬರೀ ಕೇಳಿದೆ. ಚೆಂಡೆಯ ಪೆಟ್ಟು ಏರುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತದಲ್ವಾ, ಅಲ್ಲಿ ವೇಷಧಾರಿ ಒಂದು ಕ್ಷಣ ತಡೆದು ಕಣ್ಣರಳಿಸಿ ನೋಡುತ್ತಾರೆ. ಆ ಕ್ಷಣಕ್ಕೆ ಕಾದು ಒಂದೇ ಒಂದು ಕ್ಲಿಕ್. ಮಹಿಷಾಸುರ ಸಿಕ್ಕಿಬಿಟ್ಟ! ದೊಂದಿ ಹಿಡಿದು ಜನರ ನಡುವಿಂದ ಬರುವಾಗ ಅವನ ಕಣ್ಣು ನೋಡಿ ನನ್ನ ಕೈಯೇ ನಡುಗಿತ್ತು.

ನಾನು ಎಣಿಸದೇ ಇದ್ದದ್ದು ಚೌಕಿಯಲ್ಲಿ (ವೇಷ ಹಾಕಿಕೊಳ್ಳುವ ಜಾಗ) ಸಿಕ್ಕಿತು. ಅನುಮತಿ ಕೇಳಿ ಮೂಲೆಯಲ್ಲಿ ಕೂತಿದ್ದೆ. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಗಂಟೆಗಟ್ಟಲೆ ಮುಖಕ್ಕೆ ಚುಟ್ಟಿ (ಅಕ್ಕಿ ಹಿಟ್ಟಿನ ಬಿಳಿ ಚುಕ್ಕಿ) ಇಡುತ್ತಿದ್ದರು, ಮಾತಿಲ್ಲ, ಅಲುಗಾಟವಿಲ್ಲ, ಕನ್ನಡಿಯಲ್ಲೇ ನೋಟ. ರಂಗದ ಅಬ್ಬರಕ್ಕಿಂತ ಜಾಸ್ತಿ ತೀವ್ರತೆ ಆ ಮೌನದಲ್ಲಿತ್ತು. ನನಗೆ ತುಂಬಾ ಇಷ್ಟವಾದ ಫೋಟೋ ಅದೇ. ಅದರ ಪ್ರಿಂಟ್ ತೆಗೆಸಿದ್ದೇನೆ, ಮುಂದಿನ ಆಟಕ್ಕೆ ಹೋಗುವಾಗ ಅವರಿಗೇ ಕೊಡುತ್ತೇನೆ.