ಇಮೇಲ್ ಬೀಗದ ಬಗ್ಗೆ ಮೇಡಂಗೆ ಕೇಳಿ

ಅಡ್ಮಿನ್: ತುಮಕೂರಿನ ಮೇಡಂ ಕಂಪ್ಯೂಟರ್ ಭದ್ರತೆ ಕೆಲಸದಲ್ಲಿದ್ದಾರೆ. ನಮ್ಮ ಇಮೇಲ್ ಬೇರೆಯವರು ಓದದ ಹಾಗೆ ಮಾಡುವುದು ಹೇಗೆ, ಕೇಳಿ. ರಾತ್ರಿ 9ರವರೆಗೆ ಇರುತ್ತಾರೆ.

ತಿಪಟೂರು: ಮೇಡಂ, ಜೀಮೇಲ್‌ನಲ್ಲೇ ಬೀಗದ ಚಿತ್ರ ಇದೆಯಲ್ಲ, ಸಾಲದಾ?

ಮೇಡಂ: ಸಾಲದು. ಆ ಬೀಗ ದಾರಿಗೆ ಮಾತ್ರ. ಮೇಲ್ ತಲುಪಿದ ಮೇಲೆ ಬೀಗದ ಕೈ ಕಂಪನಿ ಹತ್ತಿರ ಇರುತ್ತದೆ. ನಿಮ್ಮ ಹತ್ತಿರವೇ ಇರಬೇಕು ಅಂದರೆ ಓಪನ್‌ಪಿಜಿಪಿ ಅನ್ನುವ ಬೀಗದ ವಿಧಾನ ಬೇಕು. ಕಂಪ್ಯೂಟರಿನಲ್ಲಿ ಇಮೇಲ್ ನೋಡುವ ಥಂಡರ್‌ಬರ್ಡ್ ಸಾಫ್ಟ್‌ವೇರ್‌ನಲ್ಲಿ 2020ರಿಂದ ಅದು ಒಳಗೇ ಬಂದಿದೆ, ದುಡ್ಡು ಕೊಡಬೇಕಾಗಿಲ್ಲ. ಆಗಲೂ ಯಾರಿಂದ ಯಾರಿಗೆ, ಯಾವಾಗ ಹೋಯಿತು ಅನ್ನುವುದು ಕಾಣುತ್ತದೆ.

ಮುಳಬಾಗಿಲು: ಐಫೋನಿಗೆ ಯಾವ ಆ್ಯಪ್ ಹಾಕಲಿ?

ಗುಬ್ಬಿ: ಪ್ರೋಟಾನ್ ಮೇಲ್ ಅನ್ನೋ ಇಮೇಲ್ ಸೇವೆ ಇದ್ದರೆ ಆಯ್ತಲ್ವಾ?

ಮೇಡಂ: ಎರಡೂ ಕಡೆ ಪ್ರೋಟಾನ್ ಇದ್ದರೆ ಸರಿ. ಜೀಮೇಲ್‌ಗೆ ಸುಮ್ನೆ ಕಳಿಸಿದರೆ ಅಲ್ಲಿ ಸಾದಾ ಮೇಲ್ ಥರಾನೇ ಇರುತ್ತದೆ.

ಶಿಡ್ಲಘಟ್ಟ: ಮೇಡಂ, ದಾಯಾದಿಗಳ ಜೊತೆ ಜಮೀನು ಕೇಸು ನಡೆಯುತ್ತಿದೆ. ಸೈಬರ್ ಸೆಂಟರ್ ಹುಡುಗ ಅವನ ಕಂಪ್ಯೂಟರಿನಲ್ಲೇ ಥಂಡರ್‌ಬರ್ಡ್ ಹಾಕಿ ಕೀ ಮಾಡಿಕೊಟ್ಟ. ಹತ್ತು ದಿನದಿಂದ ಲಾಯರ್ ಬೀಗ ಹಾಕಿದ ಮೇಲ್ ಕಳಿಸುತ್ತಿದ್ದಾರೆ. ನಿನ್ನೆ ಹುಡುಗ 'ಇದನ್ನೂ ಜೋಪಾನ ಮಾಡಿ' ಅಂತ ಇನ್ನೊಂದು ಫೈಲ್ ಕೊಟ್ಟ. ಕಳೆದುಹೋಗದಿರಲಿ ಅಂತ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಈಗ ತೆರೆದು ನೋಡಿದರೆ ಮೊದಲ ಸಾಲು 'ಬಿಗಿನ್ ಪಿಜಿಪಿ ಪ್ರೈವೇಟ್ ಕೀ ಬ್ಲಾಕ್' ಅಂತಿದೆ. ತಪ್ಪಾಯಿತಾ?

ಮೇಡಂ: ಆ ಫೈಲಿನ ಪಾಸ್‌ವರ್ಡ್ ಏನು ಥರದ್ದು?

ಶಿಡ್ಲಘಟ್ಟ: ನನ್ನ ಮೊಬೈಲ್ ನಂಬರ್.

ಮೇಡಂ: ಬೇರೆಯವರು ಸ್ವಲ್ಪ ತಾಳಿ. ನೋಡಿ ಸರ್, ಕೀ ಎರಡಿರುತ್ತವೆ. ಪಬ್ಲಿಕ್ ಕೀ ಬೀಗ ಹಾಕುವುದಕ್ಕೆ, ಅದನ್ನು ಊರಿಗೆಲ್ಲ ಕೊಡಿ. ಪ್ರೈವೇಟ್ ಕೀ ತೆಗೆಯುವುದಕ್ಕೆ, ನೀವು ಗ್ರೂಪಿಗೆ ಹಾಕಿದ್ದು ಅದನ್ನೇ. ಕೀ ಒಂದೇ ಸಿಕ್ಕವರಿಗೆ ಓದಲು ಆಗುವುದಿಲ್ಲ, ಮೇಲ್ ಕೂಡ ಕೈಗೆ ಸಿಗಬೇಕು. ಆದರೆ ನಿಮ್ಮ ವಿಷಯದಲ್ಲಿ ಎರಡೂ ಆ ಅಂಗಡಿಯಲ್ಲಿವೆ, ನನಗೆ ಭಯ ಅದೇ. ಈಗಲೇ ನಿಮ್ಮ ಫೋನಿನಿಂದ ಮೇಲ್ ಪಾಸ್‌ವರ್ಡ್ ಬದಲಿಸಿ, ಬೇರೆ ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ. ಬೆಳಿಗ್ಗೆ ಅಂಗಡಿಗೆ ಹೋಗಿ ಹಳೆ ಕೀಯ ಪ್ರತಿ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ, ಅದಿಲ್ಲದಿದ್ದರೆ ಹಳೆ ಮೇಲ್ ನಿಮಗೂ ತೆರೆಯುವುದಿಲ್ಲ. ಆಮೇಲೆ ಥಂಡರ್‌ಬರ್ಡ್‌ನ ಕೀ ಮ್ಯಾನೇಜರ್‌ನಲ್ಲಿ ಆ ಕೀಯನ್ನು ರಿವೋಕ್, ಅಂದರೆ ರದ್ದು ಮಾಡಿ, ರದ್ದಾದ ಪಬ್ಲಿಕ್ ಕೀಯನ್ನು ಮಾತ್ರ ಲಾಯರ್‌ಗೂ ಕಳಿಸಿ. ಅಲ್ಲಿರುವ ಮೇಲ್, ಕೀ ಎಲ್ಲ ನಿಮ್ಮ ಕಣ್ಣೆದುರೇ ಅಳಿಸಿಸಿ. ಹೊಸ ಕೀ ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲೇ ಆಗಬೇಕು. ಅದರ ಫಿಂಗರ್‌ಪ್ರಿಂಟ್, ಅಂದರೆ ಆ ಕೀಯ ಗುರುತು, 40 ಅಕ್ಷರ ಇರುತ್ತದೆ, ಲಾಯರ್‌ಗೆ ಫೋನಿನಲ್ಲಿ ಓದಿ ಹೇಳಿ. ರಿವೋಕ್ ಮಾಡಿದರೂ ಈಗಾಗಲೇ ಬಂದ ಮೇಲ್‌ಗಳಿಗೆ ಹಳೆ ಕೀ ಕೆಲಸ ಮಾಡುತ್ತದೆ. ಅದನ್ನು ವಾಪಸ್ ಪಡೆಯುವ ದಾರಿ ಇಲ್ಲ.

ಚಿಂತಾಮಣಿ: ಫಾರ್ವರ್ಡ್ ಬಂದಿದೆ: 'ಮೇಲ್ ಕೆಳಗೆ ಗೌಪ್ಯ ಅಂತ ಬರೆದರೆ ಯಾರೂ ತೆರೆಯಲಾಗದು. ಈ ಲಿಂಕ್‌ನಿಂದ ಇಮೇಲ್ ಲಾಕ್ ಆ್ಯಪ್ ಹಾಕಿ.'

ಮೇಡಂ: ಬರೆದ ಮಾತು ಬೀಗ ಆಗುವುದಿಲ್ಲ. ಆ ಲಿಂಕ್ ಅಳಿಸಿ. ಹಾಕಿಕೊಂಡವರ ಮೆಸೇಜು, ಓಟಿಪಿ ಎಲ್ಲ ಹೋಗಬಹುದು. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ.

ಮಾಲೂರು: ತಪ್ಪು ಮಾಡದವರಿಗೆ ಇಷ್ಟೆಲ್ಲ ಯಾಕೆ?

ಗೌರಿಬಿದನೂರು: ನಿಮ್ಮ ಮನೆ ಹೆಣ್ಣುಮಗಳ ಆಸ್ಪತ್ರೆ ರಿಪೋರ್ಟ್ ಇಲ್ಲಿ ಹಾಕುತ್ತೀರಾ?

ಮಾಲೂರು: ಮನೆಯವರ ಸುದ್ದಿ ಎತ್ತಬೇಡಿ.

ಗೌರಿಬಿದನೂರು: ಬೇಡ ಅನ್ನಿಸಿತಲ್ಲ, ಅದಕ್ಕೇ ಬೀಗ.

ತಿಪಟೂರು: ಜಗಳ ಬಿಡಿ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ಅದು ಸಾಕು.

ಗೌರಿಬಿದನೂರು: ಹೆಸರಿನ ಮೊದಲ 4 ಅಕ್ಷರ, ಹುಟ್ಟಿದ ವರ್ಷ. ನಿಮ್ಮ ಬೀದಿಯವರಿಗೆಲ್ಲ ಗೊತ್ತು.

ಮಾಲೂರು: ಎಲ್ಲ ತಿಳಿದವರು ನೀವೊಬ್ಬರೇ ಬಿಡಿ.

ಪಾವಗಡ: ಪ್ರೋಟಾನ್ ಸಾಕಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಮುಳಬಾಗಿಲು: ಐಫೋನ್ ಬಗ್ಗೆ ಕೇಳಿದ್ದೆ.

ಶಿಡ್ಲಘಟ್ಟ: ಪಾಸ್‌ವರ್ಡ್ ಬದಲಿಸಿದೆ ಮೇಡಂ. ಗ್ರೂಪಿನಲ್ಲೂ ಅಳಿಸಿದೆ. ಅಳಿಸುವ ಮುಂಚೆ ನೋಡಿದರೆ ಚಿಕ್ಕಪ್ಪನ ಮಗ ಓದಿದ್ದಾನೆ ಅಂತ ತೋರಿಸಿತು. ಕೇಸು ಹಾಕಿರುವವನು ಅವನೇ. ಸೈಬರ್ ಸೆಂಟರ್ ಹುಡುಗ ಅವನಿಗೂ ಪರಿಚಯ.

ಮೇಡಂ: ಹಾಗಾದರೆ ಬೆಳಿಗ್ಗೆವರೆಗೆ ಕಾಯಬೇಡಿ. ಲಾಯರ್‌ಗೆ ಈಗಲೇ ಫೋನ್ ಮಾಡಿ. ಹತ್ತು ದಿನದ ಮೇಲ್‌ಗಳಲ್ಲಿ ಏನೇನಿತ್ತು ಅಂತ ಇಬ್ಬರೂ ಕೂತು ನೋಡಿ. ನನಗೆ ಬೇರೆಯಾಗಿ ಮೆಸೇಜ್ ಮಾಡಿ, 9 ಆದರೂ ಇರುತ್ತೇನೆ.