ವರ್ಷಕ್ಕೊಮ್ಮೆಯ ರಕ್ತ ಪರೀಕ್ಷೆಗೆ 80 ಬಗೆಯ ಪ್ಯಾಕೇಜ್ ಬೇಕೇ?

ತೀರ್ಥಹಳ್ಳಿಯ ತೋಟದವ:
ನಮ್ಮ ಮನೆ ತೀರ್ಥಹಳ್ಳಿ ಪೇಟೆಯಿಂದ ಸುಮಾರು 20 ಕಿಲೋಮೀಟರ್ ಒಳಗಿದೆ. ಅಪ್ಪಯ್ಯನಿಗೆ 64 ವರ್ಷ, ಅಮ್ಮನಿಗೆ 58. ಇಬ್ಬರಿಗೂ ಕಾಯಿಲೆ ಇಲ್ಲ. ಇಲ್ಲ ಎನ್ನುವುದಕ್ಕಿಂತ ಎಷ್ಟೋ ವರ್ಷಗಳಿಂದ ನೋಡಿಸಿಲ್ಲ ಎನ್ನುವುದೇ ಸರಿ. ಕಳೆದ ವಾರ ಪ್ರಯೋಗಾಲಯವೊಂದರ ಪ್ರತಿನಿಧಿ ಊರಿಗೆ ಬಂದು, 80 ಬಗೆಯ ಪರೀಕ್ಷೆಗಳ ಪ್ಯಾಕೇಜ್ ಇದೆ, ಮನೆಯಲ್ಲೇ ರಕ್ತ ತೆಗೆದುಕೊಳ್ಳುತ್ತೇವೆ, ಕ್ಯಾನ್ಸರ್ ಇದ್ದರೂ ಮೊದಲೇ ತಿಳಿಯುತ್ತದೆ ಎಂದು ಹೇಳಿ ಹೋಗಿದ್ದಾರೆ. ಅಪ್ಪಯ್ಯ, “ನೆಟ್ಟಗಿರುವ ಮೈಗೆ ಸೂಜಿ ಯಾಕೆ?” ಎನ್ನುತ್ತಾರೆ. ಕಾಯಿಲೆಯ ಲಕ್ಷಣವಿಲ್ಲದವರು ನಿಜವಾಗಿ ಮಾಡಿಸಬೇಕಾದ ಪರೀಕ್ಷೆಗಳು ಯಾವುವು ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಸಾಗರದ ಲ್ಯಾಬ್ ಟೆಕ್ನಿಷಿಯನ್:
ಪರೀಕ್ಷೆ ಖಂಡಿತ ಮಾಡಿಸಿ, ಆದರೆ 80 ಬೇಡ. ಮಧುಮೇಹವಾಗಲಿ ಮೂತ್ರಪಿಂಡದ ತೊಂದರೆಯಾಗಲಿ ನೋವಿಲ್ಲದೆ ವರ್ಷಗಟ್ಟಲೆ ಒಳಗೊಳಗೇ ಬೆಳೆಯುವುದರಿಂದ ಅವನ್ನು ನಿಮ್ಮ ತಂದೆಯವರು ಹೇಳುವ ನೆಟ್ಟಗಿರುವ ಮೈಯಲ್ಲೇ ಹುಡುಕಬೇಕಾಗುತ್ತದೆ. ಬರೀ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಸಿಬಿಸಿ (ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ ಸೇರಿ), ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಕೊಲೆಸ್ಟರಾಲ್ ಇಷ್ಟಾದರೆ ಹೆಚ್ಚಿನ ಕೆಲಸ ಮುಗಿಯಿತು. ಉಳಿದವನ್ನು ಲಕ್ಷಣ ನೋಡಿ ವೈದ್ಯರು ಬರೆದರೆ ಸಾಕು. ಬರೀ ಹೊಟ್ಟೆಯ ಶುಗರ್ 100ರ ಒಳಗಿದ್ದರೆ ಸರಿ, 100ರಿಂದ 125 ಎಚ್ಚರಿಕೆಯ ಹಂತ, 126 ಅಥವಾ ಅದಕ್ಕಿಂತ ಹೆಚ್ಚು ಎರಡು ಬಾರಿ ಬಂದರೆ ಮಧುಮೇಹ. ಎಚ್ಚರಿಕೆಯ ಹಂತದಲ್ಲೇ ಸಿಕ್ಕವರು ಊಟ, ನಡಿಗೆ, ತೂಕಗಳನ್ನು ಸರಿಪಡಿಸಿಕೊಂಡು ಮಧುಮೇಹವನ್ನು ಮುಂದೂಡಬಹುದು. ಪರೀಕ್ಷೆಯಿಂದ ಲಾಭವಿರುವುದು ಇಲ್ಲಿಯೇ.

ದೊಡ್ಡ ಪ್ಯಾಕೇಜಿನ ತೊಡಕೆಂದರೆ, ವರದಿಯಲ್ಲಿ ಕಾಣುವ ನಾರ್ಮಲ್ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಅದರೊಳಗೆ ಬರುವಂತೆ ಗುರುತಿಸಿರುತ್ತಾರೆ. ಹಾಗಾಗಿ ಏನೂ ಇಲ್ಲದವರಿಗೂ 20 ಪರೀಕ್ಷೆಗೆ ಒಂದರಂತೆ, ಮಿತಿ ದಾಟಿದೆ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿ ಬರುವುದು ಸಹಜ. 80 ಮಾಡಿಸಿದರೆ ಅಂಥ ನಾಲ್ಕು ಅಂಕಿಗಳ ಬೆನ್ನು ಹತ್ತಿ ಸ್ಕ್ಯಾನ್ ಎಂದು, ಮತ್ತೊಮ್ಮೆ ರಕ್ತ ಎಂದು ಶಿವಮೊಗ್ಗಕ್ಕೆ ಅಲೆಯಬೇಕಾದೀತು.

ಹೊಸನಗರದ ನಿವೃತ್ತ ಶಿಕ್ಷಕ:
ಆ ಅಲೆದಾಟ ನನಗೆ ಗೊತ್ತಿದೆ. ಎರಡು ವರ್ಷದ ಹಿಂದೆ ಮನೆಗೆ ಬಂದ ಹುಡುಗ ಬೆಳಿಗ್ಗೆ ಆರೂವರೆಗೆ ರಕ್ತ ತೆಗೆದು, ಕೊಳವೆಗಳನ್ನು ಐಸ್ ಡಬ್ಬಿಗೆ ಹಾಕಿಕೊಂಡು, ಇನ್ನೂ ಆರೇಳು ಮನೆಗಳನ್ನು ಬೈಕಿನಲ್ಲಿ ಸುತ್ತಿದ. ಸಂಜೆ ಬಂದ ವರದಿಯಲ್ಲಿ ಪೊಟ್ಯಾಸಿಯಂ 6.4 ಇತ್ತು. ಹೃದಯಕ್ಕೆ ಅಪಾಯವೆಂದು ಫೋನಿನಲ್ಲಿ ಹೇಳಿದ್ದರಿಂದ ರಾತ್ರಿಯೇ ಬಾಡಿಗೆ ಕಾರಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಅಲ್ಲಿ ಹೊಸದಾಗಿ ತೆಗೆದು ನೋಡಿದಾಗ 4.3, ಅಂದರೆ ನಾರ್ಮಲ್.

ಸಾಗರದ ಲ್ಯಾಬ್ ಟೆಕ್ನಿಷಿಯನ್:
ಮೇಷ್ಟ್ರೇ, ಅದು ನಿಮ್ಮ ರಕ್ತದ ದೋಷವಾಗಿರದೆ ಪ್ರಯಾಣದ ದೋಷವಾಗಿರಬೇಕು. ರಕ್ತಕಣಗಳಿಂದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸದೆ ಗಂಟೆಗಟ್ಟಲೆ ತಣ್ಣಗಿಟ್ಟರೆ ಕಣಗಳೊಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಶುಗರ್‌ನದು ಇದರ ತಿರುಗುಮುರುಗು: ಕೊಳವೆಯೊಳಗೆ ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುವುದರಿಂದ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಇಳಿದು, ಶುಗರ್ ಇರುವವರೂ ಇಲ್ಲದವರಂತೆ ಕಾಣಬಹುದು. ಅದನ್ನು ತಡೆಯಲೆಂದೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಕೊಳವೆ ಇರುತ್ತದೆ. ಮನೆಗೆ ಬಂದವರು ಅದನ್ನು ತಂದಿದ್ದಾರೆಯೇ, ಸ್ಯಾಂಪಲ್ ಎಷ್ಟು ಗಂಟೆಗೆ ಲ್ಯಾಬ್ ಮುಟ್ಟುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ.

ಇನ್ನೊಂದು ಮಾತು. ಬರೀ ಹೊಟ್ಟೆ ಎಂದರೆ ನೀರು ಬಿಟ್ಟು ಬೇರೇನೂ ಇಲ್ಲದೆ ಕನಿಷ್ಠ 8 ಗಂಟೆ. “ತಿಂಡಿ ತಿಂದಿಲ್ಲ, ಒಂದು ಲೋಟ ಕಷಾಯ ಕುಡಿದೆ ಅಷ್ಟೇ” ಎಂದು ಹೇಳುವವರು ದಿನಕ್ಕೊಬ್ಬರಾದರೂ ಬರುತ್ತಾರೆ. ಹಾಲು, ಬೆಲ್ಲ ಬಿದ್ದ ಕಷಾಯ ತಿಂಡಿಯ ಲೆಕ್ಕಕ್ಕೇ ಸೇರುತ್ತದೆ.

ಕೊಪ್ಪದ ಶುಶ್ರೂಷಕಿ:
ಆ ಪ್ರತಿನಿಧಿ ಹೇಳಿದ ಕ್ಯಾನ್ಸರ್ ಮಾತನ್ನು ನಂಬಬೇಡಿ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಟ್ಯೂಮರ್ ಮಾರ್ಕರ್‌ಗಳು (ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ವಸ್ತುಗಳು) ಭರವಸೆಯ ಸಾಧನವಲ್ಲ. ಬೇರೆ ಕಾರಣಗಳಿಗೂ ಅವು ಏರುತ್ತವೆ, ರೋಗವಿದ್ದಾಗಲೂ ಏರದೆ ಇರುತ್ತವೆ. ನಮ್ಮ ಕಡೆಯವರಿಗೆ ಅದಕ್ಕಿಂತ ಮುಖ್ಯವಾದದ್ದು ಬಾಯಿ. ತೋಟದವರಿಗೆ ಹಿಡಿಸದ ಮಾತಾದರೂ ಹೇಳಲೇಬೇಕು: ತಂಬಾಕಿಲ್ಲದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕವಳ (ಎಲೆ ಅಡಿಕೆ) ಹಾಕುವವರ ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿದ್ದರೆ, ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ, ಅದು ಟಾರ್ಚ್ ಬೆಳಕಿಗೆ ಕಾಣುತ್ತದೆಯೇ ಹೊರತು ರಕ್ತದಲ್ಲಿ ಕಾಣುವುದಿಲ್ಲ. ರಕ್ತದೊತ್ತಡವೂ ಅಷ್ಟೇ, ಪಟ್ಟಿ ಕಟ್ಟಿಯೇ ನೋಡಬೇಕು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್, ಬಾಯಿಯ ತಪಾಸಣೆಗಳನ್ನು ಸರ್ಕಾರವೇ ಉಚಿತವಾಗಿ ಮಾಡುತ್ತದೆ. ಅಲ್ಲಿಂದಲೇ ಶುರು ಮಾಡಿ.

ತೀರ್ಥಹಳ್ಳಿಯ ತೋಟದವ:
ಎಲ್ಲರಿಗೂ ಧನ್ಯವಾದಗಳು. ಅಪ್ಪಯ್ಯ ಸೂಜಿಗೆ ಒಪ್ಪಿದ್ದಾರೆ, ಕವಳದ ಮಾತನ್ನು ನಾನಿನ್ನೂ ಎತ್ತಿಲ್ಲ. ಒಂದು ಸಂದೇಹ: ಹಿಂದೆ ಅಮ್ಮನಿಗೆ ಆಪರೇಷನ್ ಆದಾಗಿನ ಚೀಟಿಯಲ್ಲಿ ಹಿಮೋಗ್ಲೋಬಿನ್ 9 ಎಂದಿದೆ. ಇದರಿಂದ ಶುಗರ್ ಪರೀಕ್ಷೆಗೆ ವ್ಯತ್ಯಾಸವಾಗುತ್ತದೆಯೇ?

ಸಾಗರದ ಲ್ಯಾಬ್ ಟೆಕ್ನಿಷಿಯನ್:
ಆಗುತ್ತದೆ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕೆಂಪು ಕಣಗಳಿಗೆ ಎರಡು ಮೂರು ತಿಂಗಳಲ್ಲಿ ಅಂಟಿದ ಸಕ್ಕರೆಯನ್ನು ಎಚ್‌ಬಿಎ1ಸಿ ಅಳೆಯುವುದರಿಂದ, ಕಬ್ಬಿಣದ ಕೊರತೆ ಇದ್ದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಿಮ್ಮ ಅಮ್ಮನಿಗೆ ಮೊದಲು ಸಿಬಿಸಿ ಮತ್ತು ಬರೀ ಹೊಟ್ಟೆಯ ಶುಗರ್ ಮಾಡಿಸಿ. ಹಿಮೋಗ್ಲೋಬಿನ್ ಈಗಲೂ ಕಡಿಮೆಯಿದ್ದರೆ ಎಚ್‌ಬಿಎ1ಸಿಯನ್ನು ಸದ್ಯಕ್ಕೆ ಬದಿಗಿಡಬಹುದು. ಆ ಹಳೆಯ ಚೀಟಿಯನ್ನು ವೈದ್ಯರಿಗೆ ತೋರಿಸಲು ಮರೆಯಬೇಡಿ.