ಕಸದ ದಿಬ್ಬದ ಹೊದಿಕೆ: ಕಾಸರಗೋಡಿನ ಮಳೆಗೆ ಹೆಲ್ಪ್ ಮಾದರಿಯನ್ನು ನಂಬಬಹುದೇ?

ಪ್ರಶ್ನೆ (ಕುಂಬಳೆ):
ಮಾನ್ಯರೇ, ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಮುಚ್ಚಿದ ಕಸದ ದಿಬ್ಬದ ಮೇಲೆ ಬರೀ ಕೆಂಪುಮಣ್ಣು ಹಾಸಿ ಹುಲ್ಲು ಬೆಳೆಸಿದರೆ ಮಳೆನೀರು ಕಸದೊಳಗೆ ಇಳಿಯದಂತೆ ತಡೆಯಲು ಸಾಕೇ? ಹೊದಿಕೆಯ ಮೂಲಕ ಎಷ್ಟು ನೀರು ಒಳಗಿಳಿಯುತ್ತದೆಂದು ಅಂದಾಜಿಸುವ ಹೆಲ್ಪ್ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಮಂಜೇಶ್ವರ):
ಸಾಲದು. 45 ಸೆಂ.ಮೀ. ಮಣ್ಣು ತನ್ನ ಗಾತ್ರದ ಶೇ. 10ರಷ್ಟು ನೀರನ್ನು ಬೇರುಗಳಿಗಾಗಿ ಹಿಡಿದಿಡುತ್ತದೆಂದು ಭಾವಿಸಿದರೂ ಅದು ಕೇವಲ 45 ಮಿ.ಮೀ.; ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಜಡಿಮಳೆಗೇ ಅದು ತುಂಬಿಹೋಗುತ್ತದೆ. ಮಣ್ಣು ಹೀರಿದ್ದನ್ನು ಗಿಡಗಳು ಆವಿಯಾಗಿಸುವ ಹೊದಿಕೆ ಒಣಪ್ರದೇಶಕ್ಕೆ ತಕ್ಕದ್ದು. ಆದ್ದರಿಂದಲೇ 2016ರ ಘನತ್ಯಾಜ್ಯ ನಿಯಮಗಳು ಸಸ್ಯದ ಪದರದ ಕೆಳಗೆ ನೀರು ಬಸಿಯುವ ಪದರವನ್ನೂ, ಅದರಡಿ 60 ಸೆಂ.ಮೀ. ಜೇಡಿಯನ್ನೂ ಕೇಳಿದ್ದವು. ಸೆಕೆಂಡಿಗೆ 0.0000001 ಸೆಂ.ಮೀ. ಪಾರಗಮ್ಯತೆಯ (ಅಂದರೆ ನೀರನ್ನು ಅಷ್ಟು ನಿಧಾನವಾಗಿ ಹಾಯಗೊಡುವ) ಜೇಡಿಯು ನಾಲ್ಕು ತಿಂಗಳು ನೆನೆದೇ ಇದ್ದರೂ, ಮೇಲೆ ನೀರು ನಿಲ್ಲದಿದ್ದರೆ, ಒಳಗಿಳಿಯುವುದು ಸುಮಾರು 10 ಮಿ.ಮೀ. ಮಾತ್ರ.

ಉತ್ತರ 2 (ಬದಿಯಡ್ಕ):
ಆ 10 ಮಿ.ಮೀ. ಎಂಬುದು ಬಿರುಕಿಲ್ಲದ ಜೇಡಿಯ ಲೆಕ್ಕ. ನಮ್ಮಲ್ಲಿ ಡಿಸೆಂಬರ್‌ನಿಂದ ಮೇವರೆಗಿನ ಬಿಸಿಲಿಗೆ ಜೇಡಿ ಒಣಗಿ ಸೀಳುತ್ತದೆ. ಹೆಲ್ಪ್ ಈ ಸೀಳುಗಳನ್ನು ತಾನಾಗಿ ಲೆಕ್ಕಿಸುವುದಿಲ್ಲ. ಪಾರಗಮ್ಯತೆಯನ್ನು ಹತ್ತು ಪಟ್ಟು, ನೂರು ಪಟ್ಟು ಹೆಚ್ಚಿಸಿ ಮತ್ತೆ ಮತ್ತೆ ಓಡಿಸಿ ನೋಡಿರಿ. ಇನ್ನೊಂದು ಮಾತು: ಹೆಲ್ಪ್ ದಿನದ ಒಟ್ಟು ಮಳೆಯಿಂದ ಮೇಲ್ಮೈಯಲ್ಲಿ ಹರಿದುಹೋಗುವ ನೀರನ್ನು ಅಂದಾಜಿಸುವುದರಿಂದ, ಒಂದು ಗಂಟೆಯಲ್ಲಿ ಸುರಿದದ್ದಕ್ಕೂ ದಿನವಿಡೀ ಜಿನುಗಿದ್ದಕ್ಕೂ ವ್ಯತ್ಯಾಸ ಕಾಣದು. ಮಣ್ಣಿನೊಳಗೆ ನೀರು ಚಲಿಸುವ ಬಗೆಯನ್ನು ಹೇಳುವ ರಿಚರ್ಡ್ಸ್ ಸಮೀಕರಣವನ್ನು ಬಿಡಿಸುವ ಹೈಡ್ರಸ್ ತಂತ್ರಾಂಶದಲ್ಲಿ ಗಂಟೆವಾರು ಮಳೆ ಕೊಟ್ಟು ಹೋಲಿಸುವುದು ಒಳಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮೊದಲು ಇಲ್ಲಿನ ಮಣ್ಣಿನ ಪಾರಗಮ್ಯತೆಯನ್ನೇ ಅಳೆಯಿಸುತ್ತೇನೆ. ಇದುವರೆಗೆ ತಂತ್ರಾಂಶದೊಳಗಿನ ಸಿದ್ಧ ಮೌಲ್ಯವನ್ನು ಬಳಸಿದ್ದೆ.